ಕಾಲು ಕೇಳುವ ಕಾಲ

'ಟಕ್' ಎಂಬ ಒಂದೇ ಒಂದು ಸದ್ದು. ಒಣಗಿದ ಕಡ್ಡಿ ಮುರಿದಂತಹ ಸದ್ದು. 2017ರ ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಬೆಂಗಳೂರಿನ ನಮ್ಮ ಬಡಾವಣೆಯ ಷಟಲ್ ಕೋರ್ಟಿನಲ್ಲಿ ಹಿಂದಕ್ಕೆ ಜಿಗಿದು ಸ್ಮ್ಯಾಷ್ ಹೊಡೆದು ಎಡಗಾಲಿನ ಮೇಲೆ ಇಳಿದಾಗ ಅದು ಕೇಳಿಸಿತು. ಬ್ಯಾಟ್ ಮುರಿಯಿತೇನೋ ಎಂದುಕೊಂಡೆ. ಮುರಿದದ್ದು ಬ್ಯಾಟ್ ಆಗಿರಲಿಲ್ಲ. ಸದ್ದು ಬಂದದ್ದು ನನ್ನ ಮಂಡಿಯ ಒಳಗಿನಿಂದ.

ಆಗ ನನಗೆ 44 ವರ್ಷ. ಬ್ಯಾಂಕಿನ ಕೆಲಸ. ವಾರದ ಐದು ದಿನ ಕುರ್ಚಿಗೆ ಅಂಟಿಕೊಂಡಿದ್ದು, ವಾರಾಂತ್ಯದಲ್ಲಿ ಎರಡು ತಾಸು ಇಪ್ಪತ್ತರ ಹುಡುಗನಂತೆ ಆಡುತ್ತಿದ್ದೆ. ನಗರದ ಮಧ್ಯಮ ವರ್ಗದ ಬದುಕಿನಲ್ಲಿ ಇದೊಂದು ಹೊಸ ಪರ್ವ. ನಮ್ಮ ತಂದೆಯವರ ಪೀಳಿಗೆ ನಲವತ್ತಕ್ಕೆ ಆಟ ಬಿಟ್ಟು ವಾಕಿಂಗಿಗೆ ಹೊರಡುತ್ತಿತ್ತು. ನಾವು ನಲವತ್ತಕ್ಕೆ ಆಟ ಶುರುಮಾಡುತ್ತೇವೆ. ಬೆಂಗಳೂರಿನಲ್ಲಿ 2008ರಿಂದ 10 ಕಿಲೋಮೀಟರ್ ಓಟದ ದೊಡ್ಡ ಸ್ಪರ್ಧೆ ನಡೆಯುತ್ತಿದ್ದು, ಕಚೇರಿಯ ಸಹೋದ್ಯೋಗಿಗಳೇ ಎದೆಯ ಮೇಲೆ ನಂಬರ್ ಅಂಟಿಸಿಕೊಂಡು ಓಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಮೈಯನ್ನು ದುಡಿಸಲು ಕಲಿತಷ್ಟು ಬೇಗ, ಮುರಿದ ಮೈಯನ್ನು ಮತ್ತೆ ಕಟ್ಟುವ ವಿದ್ಯೆಯನ್ನು ನಾವು ಕಲಿಯಲಿಲ್ಲ. ಈ ಮಾತನ್ನು ನಾನು ಎರಡು ಶಸ್ತ್ರಚಿಕಿತ್ಸೆಗಳ ಬೆಲೆ ತೆತ್ತು ಹೇಳುತ್ತಿದ್ದೇನೆ.

ಗಾಯವಾದ ದಿನ ಸಂಜೆಯೊಳಗೆ ಮಂಡಿ ಊದಿ, ಚಿಪ್ಪು ಎಲ್ಲಿದೆ ಎಂದು ಹುಡುಕಬೇಕಾಯಿತು. ಸಲಹೆಗಳಿಗೆ ಬರವಿರಲಿಲ್ಲ. ಆಟದ ಗೆಳೆಯರು 'ಉಳುಕಷ್ಟೇ' ಎಂದರು. ಪಕ್ಕದ ಮನೆಯ ಹಿರಿಯರು ಪುತ್ತೂರು ಕಟ್ಟು ಹಾಕಿಸಿಕೊಳ್ಳಲು ಹೇಳಿದರು. ಊರಿನಿಂದ ಫೋನ್ ಮಾಡಿದ ಅಮ್ಮ, 'ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ದುಕೋ ಮಗಾ' ಎಂದಳು. ಎರಡು ವಾರದಲ್ಲಿ ಊತ ಇಳಿಯಿತು, ನಡೆಯಲು ಬಂತು, ಎಲ್ಲವೂ ಸರಿಹೋಯಿತೆಂದುಕೊಂಡೆ. ಮೂರನೇ ವಾರ ಸಿಟಿ ಬಸ್ಸಿನಿಂದ ಇಳಿದು ತಿರುಗಿದಾಗ ಮಂಡಿ ತನ್ನ ಜಾಗದಿಂದ ಜಾರಿದಂತಾಗಿ ರಸ್ತೆಯಲ್ಲೇ ಕುಸಿದು ಕುಳಿತೆ.

ಎಂಆರ್‌ಐ ವರದಿ ಹೇಳಿದ್ದು ಇಷ್ಟು: ತೊಡೆಯ ಮೂಳೆಯನ್ನೂ ಅದರ ಕೆಳಗಿನ ಕಾಲಿನ ಮೂಳೆಯನ್ನೂ ಮಂಡಿಯೊಳಗೆ ಕತ್ತರಿಯಾಕಾರದಲ್ಲಿ ಬಿಗಿದಿಡುವ ಎರಡು ಅಸ್ಥಿರಜ್ಜುಗಳಲ್ಲಿ ಮುಂದಿನದು ಪೂರ್ತಿ ಹರಿದಿದೆ. ಕ್ರೀಡಾಪುಟಗಳ ಓದುಗರಿಗೆ ಪರಿಚಿತವಾದ 'ಎಸಿಎಲ್' ಎಂದರೆ ಇದೇ. ನೇರವಾಗಿ ನಡೆಯುವಾಗ ಇದರ ಕೊರತೆ ಅಷ್ಟಾಗಿ ತಿಳಿಯದು. ಓಡುತ್ತಾ ತಟ್ಟನೆ ನಿಂತಾಗ, ತಿರುಗಿದಾಗ, ಜಿಗಿದು ಇಳಿದಾಗ ತಿಳಿಯುತ್ತದೆ. ಷಟಲ್, ಕಬಡ್ಡಿ, ಫುಟ್‌ಬಾಲ್ ಎಂದರೆ ಇವು ಮೂರೇ ತಾನೆ!

ಒಂದು ಸಾಲಿನ ಚಿಕಿತ್ಸೆ

2018ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಹಿಂಭಾಗದ ಸ್ನಾಯುರಜ್ಜುವಿನ ಒಂದು ಭಾಗವನ್ನು ತೆಗೆದು, ಹರಿದ ಅಸ್ಥಿರಜ್ಜುವಿನ ಜಾಗದಲ್ಲಿ ಕಸಿ ಮಾಡಿದರು. ವೈದ್ಯರ ಕೈಗುಣದ ಬಗ್ಗೆ ನನ್ನದೇನೂ ದೂರಿಲ್ಲ. ಕೆಲಸ ಒಂದೂವರೆ ಗಂಟೆಯಲ್ಲಿ ಅಚ್ಚುಕಟ್ಟಾಗಿ ಮುಗಿದಿತ್ತು. ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಹೆಸರು, ಪ್ರಮಾಣ, ವೇಳೆ ಎಲ್ಲ ವಿವರವಾಗಿತ್ತು. ಕೊನೆಯಲ್ಲಿ ಒಂದು ಸಾಲು: 'ಫಿಸಿಯೋಥೆರಪಿ ಮುಂದುವರಿಸಿ'. ಎಷ್ಟು ದಿನ, ಯಾವ ವ್ಯಾಯಾಮ, ಯಾವ ಹಂತ ದಾಟಿದ ಮೇಲೆ ಯಾವುದು ಎಂಬ ಮಾತಿರಲಿಲ್ಲ. ನಾನೂ ಕೇಳಲಿಲ್ಲ.

ಮನೆಯ ಹತ್ತಿರದ ಒಂದು ಕೇಂದ್ರಕ್ಕೆ ಹೋಗತೊಡಗಿದೆ. ನಮ್ಮ ಜನರ ಬಾಯಲ್ಲಿ ಫಿಸಿಯೋಥೆರಪಿಗೆ 'ಕರೆಂಟ್ ಕೊಡಿಸಿಕೊಳ್ಳುವುದು' ಎಂಬ ಹೆಸರಿದೆಯಲ್ಲವೇ? ಅಲ್ಲಿ ನಡೆದದ್ದು ಅಕ್ಷರಶಃ ಅದೇ. ಮಂಡಿಯ ಸುತ್ತ ಪಟ್ಟಿ ಅಂಟಿಸಿ ಹದಿನೈದು ನಿಮಿಷ ಜುಮುಜುಮು ಎನ್ನಿಸುವುದು, ಐಸ್‌ಪ್ಯಾಕ್ ಇಡುವುದು, ಕಾಲನ್ನು ನಾಲ್ಕು ಸಲ ಮಡಿಸಿ ಬಿಡಿಸುವುದು. ನಾನು ಮಲಗಿರುತ್ತಿದ್ದೆ, ಯಂತ್ರ ದುಡಿಯುತ್ತಿತ್ತು. ನೋವು ಕಡಿಮೆಯಾಯಿತು. ಆರು ವಾರದಲ್ಲಿ ಊರುಗೋಲಿಲ್ಲದೆ ನಡೆದೆ. ನಡೆಯಲು ಬಂದಮೇಲೆ ದುಡ್ಡು ದಂಡವೇಕೆಂದು ಹೋಗುವುದನ್ನೇ ನಿಲ್ಲಿಸಿದೆ. ಐದನೇ ತಿಂಗಳಲ್ಲಿ 'ಸ್ವಲ್ಪ ಮೈ ಬೆಚ್ಚಗೆ ಮಾಡಿಕೊಳ್ಳೋಣ' ಎಂದು ಕೋರ್ಟಿಗೆ ಇಳಿದೆ. ನಾಲ್ಕನೇ ದಿನ ಅದೇ ಮಂಡಿ, ಅದೇ 'ಟಕ್'.

ಎರಡನೇ ಶಸ್ತ್ರಚಿಕಿತ್ಸೆಗೆ ಮುನ್ನ ಗೆಳೆಯರೊಬ್ಬರು ಇನ್ನೊಬ್ಬ ಫಿಸಿಯೋಥೆರಪಿಸ್ಟರ ಬಳಿ ಕಳುಹಿಸಿದರು. ಕರಾವಳಿಯವರು, ಮಂಗಳೂರಿನಲ್ಲಿ ಓದಿದವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ನನ್ನ ಎಂಆರ್‌ಐ ಲಕೋಟೆಯನ್ನು ಪಕ್ಕಕ್ಕಿಟ್ಟು, ದರ್ಜಿಗಳು ಬಳಸುವಂಥ ಟೇಪ್ ತೆಗೆದು ಎರಡೂ ತೊಡೆಗಳನ್ನು ಅಳೆದರು. ಎಡತೊಡೆ ಮೂರು ಸೆಂಟಿಮೀಟರ್ ತೆಳ್ಳಗಿತ್ತು. 'ನೋಡಿ ಸರ್, ಮಂಡಿಗೆ ಬ್ರೇಕ್ ಇರುವುದು ತೊಡೆಯಲ್ಲಿ. ಬ್ರೇಕ್ ಇಲ್ಲದ ಗಾಡಿಯನ್ನು ನೀವು ಶಿರಾಡಿ ಘಾಟಿಯಲ್ಲಿ ಇಳಿಸಿದ್ದೀರಿ. ಗಾಡಿಯದ್ದು ಏನು ತಪ್ಪು?' ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮಂಡಿಯೊಳಗಿನ ಕಾಲಮಾನ

ಅವರು ವಿವರಿಸಿದ ಎರಡು ಸಂಗತಿಗಳು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಒಂದು, ಮಂಡಿಯೊಳಗೆ ಊತವಿದ್ದಾಗ ಮಿದುಳು ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಾನೇ ಮೊಟಕುಗೊಳಿಸುತ್ತದೆ. ಗಾಯಗೊಂಡ ಕೀಲಿನ ರಕ್ಷಣೆಗೆ ದೇಹ ಹೂಡುವ ಉಪಾಯವಿದು. ಆದ್ದರಿಂದಲೇ ಆ ಸ್ನಾಯು ವಾರಗಳಲ್ಲಿ ಕರಗಿಹೋಗುತ್ತದೆ. ಬರಿಯ ನಡಿಗೆಯಿಂದ ಅದು ಮರಳಿ ಬರುವುದಿಲ್ಲ. ಹೊಲದಲ್ಲಿ ಕಳೆ ಕಿತ್ತಂತೆ ದಿನದಿನವೂ ಅದಕ್ಕಾಗಿಯೇ ದುಡಿಯಬೇಕು.

ಇನ್ನೊಂದು, ಕಸಿ ಮಾಡಿದ ಸ್ನಾಯುರಜ್ಜು ಹೊಸ ಜಾಗಕ್ಕೆ ಬಂದಾಗ ಅದರ ರಕ್ತಸಂಚಾರ ಕಡಿದುಹೋಗಿರುತ್ತದೆ. ಹೊಸ ರಕ್ತನಾಳಗಳು ಚಿಗುರಿ, ಹಳೆಯ ಎಳೆಗಳು ಕರಗಿ ಹೊಸವು ಹೆಣೆದುಕೊಂಡು, ಅದು ಅಸ್ಥಿರಜ್ಜುವಿನ ಗುಣ ಪಡೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಈ ನಡುವೆ ಮೊದಲ ಕೆಲವು ತಿಂಗಳಲ್ಲಿ ಅದು ಹಾಕಿದ ದಿನಕ್ಕಿಂತಲೂ ದುರ್ಬಲವಾಗುತ್ತದೆ. ಕ್ರೂರ ವಿನೋದವೆಂದರೆ, ನೋವು ಹೋಗಿ, ಊತ ಇಳಿದು, 'ನಾನು ಗುಣವಾದೆ' ಎಂದು ಮನಸ್ಸು ಕುಣಿಯುವುದೂ ಅದೇ ತಿಂಗಳುಗಳಲ್ಲಿ! ನೋವಿಲ್ಲದಿರುವುದನ್ನೇ ಗುಣವಾದದ್ದೆಂದು ತಿಳಿದುಕೊಂಡದ್ದು ನನ್ನ ತಪ್ಪು.

ಈ ಮಾತಿಗೆ ಅಂಕಿಅಂಶದ ಆಧಾರವೂ ಇದೆ. ಎಸಿಎಲ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 106 ಮಂದಿಯನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ನಾರ್ವೆಯ ಸಂಶೋಧಕರ ಅಧ್ಯಯನದ ಪ್ರಕಾರ, ಒಂಬತ್ತನೇ ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಶೇ 51ರಷ್ಟು ತಗ್ಗಿತ್ತು. ನಾನು ಉಳಿಸಿದ ನಾಲ್ಕು ತಿಂಗಳು ನನಗೆ ಒಂದು ವರ್ಷದ ದಂಡವಾಗಿ ಬಂತು.

ಎರಡನೇ ಬಾರಿ ಕಸಿಯಾದ ಮೇಲೆ ಯಂತ್ರ ಮೂಲೆ ಸೇರಿತು, ನಾನು ದುಡಿಯತೊಡಗಿದೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ತೊಡೆ ಬಿಗಿಹಿಡಿದು ಹತ್ತು ಎಣಿಸುವುದು, ಹೀಗೆ ಹತ್ತು ಸಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮಂಡಿ ಮಡಿಸುವುದು. ನೆಟ್ಟಗೆ ಚಾಚಿದ ಕಾಲನ್ನು ಎತ್ತಿ ಹಿಡಿಯುವುದು. ತಿಂಗಳುಗಳು ಕಳೆದಂತೆ ಮೆಟ್ಟಿಲು, ಒಂಟಿಕಾಲಿನ ಕುಕ್ಕರಗಾಲು, ತೂಕ, ಕೊನೆಗೆ ಜಿಗಿತ. ಮೊದಲು ಮಾಡಬೇಕಾದ ಕೆಲಸ ಅತಿ ಸಣ್ಣದು: ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡುವುದು. ಅದಕ್ಕೇ ನನಗೆ ಮೂರು ವಾರ ಹಿಡಿಯಿತು. ಇದರಲ್ಲಿ ಯಾವ ಸಾಹಸವೂ ಇಲ್ಲ, ನೋಡುವವರೂ ಇಲ್ಲ. ಸಂಗೀತ ಕಲಿಯುವವರು ಬೆಳಗಿನ ಜಾವ ಸರಳೆ ವರಸೆ ಹಾಡಿಕೊಳ್ಳುವಂಥ ಬೇಸರದ ಸಾಧನೆ ಅದು. ಸರಳೆ ಬಿಟ್ಟು ಕೃತಿಗೆ ಹಾರಿದವರ ಗತಿ ಏನಾಗುತ್ತದೆಂದು ಗುರುಗಳಿಗೆ ಗೊತ್ತು.

'ಆಟ ಯಾವಾಗ?' ಎಂದು ಪ್ರತಿ ವಾರ ಕೇಳುತ್ತಿದ್ದೆ. 'ಒಂಬತ್ತು ತಿಂಗಳಿಗೆ ಮೊದಲು ಕೇಳಲೇಬೇಡಿ. ಆಮೇಲೂ ಕ್ಯಾಲೆಂಡರ್ ಒಂದನ್ನೇ ನೋಡಿದರೆ ಸಾಲದು, ಕಾಲನ್ನೂ ಕೇಳಬೇಕು' ಎನ್ನುತ್ತಿದ್ದರು. ಒಂಟಿಕಾಲಿನಲ್ಲಿ ಕುಪ್ಪಳಿಸಿದ ದೂರ, ತೊಡೆಯ ಬಲ, ಇವೆಲ್ಲ ಒಳ್ಳೆಯ ಕಾಲಿನ ಶೇ 90ರಷ್ಟಾದರೂ ಆಗಬೇಕು ಎಂಬುದು ಅವರ ಕಟ್ಟಳೆ. ನನ್ನ ಕಾಲು ಆ ಪರೀಕ್ಷೆಯಲ್ಲಿ ಪಾಸಾದದ್ದು ಹನ್ನೊಂದನೇ ತಿಂಗಳಲ್ಲಿ, 2019ರ ಜುಲೈನಲ್ಲಿ.

ಹೆಸರಾಂತ ಆಟಗಾರರಿಗೂ ಕಾಲ ವಿನಾಯಿತಿ ಕೊಡುವುದಿಲ್ಲ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಚಾರಿತ್ರಿಕ ಆಸ್ಟ್ರೇಲಿಯಾ ಸರಣಿಯನ್ನೇ ತಪ್ಪಿಸಿಕೊಂಡ ನಮ್ಮ ಅನಿಲ್ ಕುಂಬ್ಳೆ ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದರು. ಅವರ ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಭುಜ ರಿಪೇರಿಯಾದ ಮೇಲೆ. 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಮಂಡಿಯ ಅಸ್ಥಿರಜ್ಜುಗಳನ್ನು ಹರಿದುಕೊಂಡ ರಿಷಭ್ ಪಂತ್, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆದು ಮತ್ತೆ ಮೈದಾನಕ್ಕೆ ಇಳಿದದ್ದು 2024ರ ಮಾರ್ಚ್‌ನಲ್ಲಿ, ಅಂದರೆ ಸುಮಾರು 15 ತಿಂಗಳ ನಂತರ. ಅವರು ಮರಳಿ ಬಂದ ದಿನವನ್ನು ನಾವು ಟಿ.ವಿ.ಯಲ್ಲಿ ನೋಡುತ್ತೇವೆ. ನಡುವಿನ ನೂರಾರು ದಿನಗಳ ಟವೆಲ್ ಒತ್ತುವ ವ್ಯಾಯಾಮವನ್ನು ಯಾರೂ ತೋರಿಸುವುದಿಲ್ಲ.

ವಿಶ್ರಾಂತಿ ಎಂಬ ಭ್ರಮೆ

ಅವಸರ ಒಂದು ತುದಿಯಾದರೆ ಇನ್ನೊಂದು ತುದಿ ಅತಿಯಾದ ವಿಶ್ರಾಂತಿ. 'ಬೆಡ್ ರೆಸ್ಟ್' ಎನ್ನುವುದು ನಮ್ಮ ಮನೆಗಳಲ್ಲಿ ಸರ್ವರೋಗಕ್ಕೂ ಮದ್ದು. ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್‌ಸನ್ ಅವರ ಕಥೆ ಇದಕ್ಕೆ ತಕ್ಕ ಉತ್ತರ. ಓಟದ ಹವ್ಯಾಸವಿದ್ದ ಅವರಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ ಬಿಡದ ನೋವು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟರೆ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ಅದನ್ನು ಹರಿದೇಬಿಡುತ್ತೇನೆ, ಆಗ ಒಪ್ಪಲೇಬೇಕಾಗುತ್ತದೆ ಎಂದುಕೊಂಡು ನೋವಾಗುವ ಹಾಗೆಯೇ ವ್ಯಾಯಾಮ ಶುರುಮಾಡಿದರು: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಸ್ನಾಯುರಜ್ಜು ಹರಿಯಲಿಲ್ಲ, ಗುಣವಾಯಿತು! 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 15 ಮಂದಿ ಹವ್ಯಾಸಿ ಓಟಗಾರರು 12 ವಾರ ದಿನಕ್ಕೆರಡು ಬಾರಿ ಈ ವ್ಯಾಯಾಮ ಮಾಡಿ, ಹದಿನೈದೂ ಮಂದಿ ಓಟಕ್ಕೆ ಮರಳಿದ್ದರು. ನಂತರದ ಅಧ್ಯಯನಗಳಲ್ಲಿ ಫಲ ಇಷ್ಟು ಪರಿಪೂರ್ಣವಾಗಿರಲಿಲ್ಲ ನಿಜ. ಆದರೆ ಹದವರಿತ ಭಾರವೇ ಸ್ನಾಯುರಜ್ಜುವಿಗೆ ಔಷಧ ಎಂಬ ತಿಳಿವಳಿಕೆ ಅಲ್ಲಿಂದ ಬೇರೂರಿತು.

ಎಲ್ಲ ಗಾಯಗಳಿಗೂ ಚಾಕು ಬೇಕೇ ಎಂಬ ಪ್ರಶ್ನೆಯೂ ಇದೆ. ಎಸಿಎಲ್ ಹರಿದ 121 ಮಂದಿ ಕ್ರಿಯಾಶೀಲ ಯುವಜನರನ್ನು ಎರಡು ಗುಂಪು ಮಾಡಿದ ಸ್ವೀಡನ್ನಿನ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯ ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ನಂತರ ಎರಡೂ ಗುಂಪುಗಳ ಫಲ ಹೆಚ್ಚೂಕಡಿಮೆ ಒಂದೇ. ಐದು ವರ್ಷ ಕಳೆದರೂ ಎರಡನೇ ಗುಂಪಿನ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗಿರಲಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಮಂಡಿಯ ಸ್ಥಿತಿಯನ್ನೂ ಆಡುವ ಆಟವನ್ನೂ ನೋಡಿ ವೈದ್ಯರು ನಿರ್ಧರಿಸಬೇಕಾದದ್ದು. ಆದರೆ ಎರಡೂ ದಾರಿಗಳಲ್ಲಿ ಸಾಮಾನ್ಯವಾಗಿದ್ದದ್ದು ವ್ಯಾಯಾಮ ಎಂಬುದನ್ನು ಮರೆಯಬಾರದು.

ಇಬ್ಬರು, ಒಂದೇ ತಪ್ಪು

ಆ ಕೇಂದ್ರದಲ್ಲಿ 2019ರ ಮೇ ತಿಂಗಳಲ್ಲಿ ಒಬ್ಬ ಹುಡುಗನ ಪರಿಚಯವಾಯಿತು. ಮದ್ದೂರಿನ ಹತ್ತಿರದ ಹಳ್ಳಿ, 21 ವರ್ಷ, ಕಬಡ್ಡಿಯಲ್ಲಿ ರೈಡರ್. ನನ್ನದೇ ಗಾಯ, ನನ್ನದೇ ಶಸ್ತ್ರಚಿಕಿತ್ಸೆ. ಮೂರು ವಾರವಾಗಿತ್ತು. ಪ್ರತಿ ಶನಿವಾರ ನಸುಕಿನ ರೈಲು ಹಿಡಿದು ಊರುಗೋಲಿನಲ್ಲಿ ಬರುತ್ತಿದ್ದ. ಕಬಡ್ಡಿಯ ಬಲದಿಂದ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ನೌಕರಿ ಸಿಗಬಹುದೆಂಬುದು ಅವನ ಲೆಕ್ಕ. ಆಪರೇಷನ್ನಿಗೆ ಅಪ್ಪ ಸಾಲ ಮಾಡಿದ್ದರು. ಪಕ್ಕದ ಚಾಪೆಯಲ್ಲಿ ಕಾಲೆತ್ತುತ್ತಾ ಒಮ್ಮೆ ಹೇಳಿದ: 'ಆಪರೇಸನ್‌ಗೆ ಅಂದ್ರೆ ಸಾಲ ಕೊಡ್ತಾರೆ ಸಾರ್. ಟವಲ್ ಒತ್ತಕ್ಕೆ ಅಂದ್ರೆ ಯಾರು ಕೊಡ್ತಾರೆ?'

ಎಂಟು ವಾರ ಬಂದ. ಆಮೇಲೆ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಗಣೇಶನ ಹಬ್ಬದ ಟೂರ್ನಮೆಂಟು. ನಡೆಯಲು ಬರುತ್ತಿತ್ತು, ನೋವಿರಲಿಲ್ಲ, ಊರಿನ ತಂಡಕ್ಕೆ ಅವನೇ ಆಧಾರ. ಅದು ಅವನ ಐದನೇ ತಿಂಗಳು, ನಾನು ಕೋರ್ಟಿಗೆ ಇಳಿದದ್ದೂ ಐದನೇ ತಿಂಗಳಲ್ಲೇ. ಎರಡನೇ ರೈಡಿನಲ್ಲಿ ಮಂಡಿ ಹೋಯಿತೆಂದು ಆತ ಫೋನಿನಲ್ಲಿ ಹೇಳಿದನಂತೆ. ಎರಡನೇ ಶಸ್ತ್ರಚಿಕಿತ್ಸೆಗೆ ಮನೆಯಲ್ಲಿ ಮಾತೂ ಎತ್ತಲಿಲ್ಲ. ಈಗ ಗೂಡ್ಸ್ ಆಟೊ ಓಡಿಸುತ್ತಾನೆ. ಕ್ಲಚ್ ಒತ್ತುವಾಗ ಎಡಮಂಡಿ ನೋಯುತ್ತದೆ ಎನ್ನುತ್ತಾನೆ.

ನಾವಿಬ್ಬರೂ ಮಾಡಿದ್ದು ಒಂದೇ ತಪ್ಪು. ನನಗೆ ಅದು ಹವ್ಯಾಸ, ಅವನಿಗೆ ಅದು ಜೀವನದ ದಾರಿ. ಎರಡನೇ ಅವಕಾಶವನ್ನು ಕೊಳ್ಳಲು ನನ್ನ ಬಳಿ ಹಣವಿತ್ತು, ರಜೆಯಿತ್ತು, ಹತ್ತು ನಿಮಿಷದ ದೂರದಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟ್ ಇದ್ದರು. ಅವನ ಬಳಿ ಮೂರೂ ಇರಲಿಲ್ಲ. ಹಾಗಾದರೆ ತಪ್ಪು ಪೂರ್ತಿ ಅವನದೇ?

ವಿಮೆಯ ನಿಯಮಗಳನ್ನೇ ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಜಾರಿಗೆ ತಂದ ಪ್ರಮಾಣಿತ ಪಾಲಿಸಿ 'ಆರೋಗ್ಯ ಸಂಜೀವಿನಿ'ಯಲ್ಲಿ ಆಸ್ಪತ್ರೆಯಿಂದ ಹೊರಬಂದ ನಂತರದ ವೆಚ್ಚಕ್ಕೆ 60 ದಿನಗಳ ಮಿತಿಯಿದೆ. ಮಂಡಿ ಕೇಳುವುದು ಕನಿಷ್ಠ 270 ದಿನ. ಕಸಿಗೆ ಹಣ ಕೊಟ್ಟು, ಕಸಿ ಅತ್ಯಂತ ದುರ್ಬಲವಾಗಿರುವ ಹೊತ್ತಿನಲ್ಲಿ ಕೈಬಿಡುವುದು, ಸಸಿ ನೆಟ್ಟು ಬೇಸಿಗೆಯಲ್ಲಿ ನೀರು ನಿಲ್ಲಿಸಿದಂತೆ. ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಶಿಕ್ಷಣ 1950ರ ದಶಕದ ಆರಂಭದಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ, ಪೋಲಿಯೊ ಪೀಡಿತ ಮಕ್ಕಳ ಅಗತ್ಯದಿಂದ ಮೊದಲಾಯಿತು. ವೈದ್ಯರ ಮಂಡಳಿಗೆ 1956ರಲ್ಲೇ ಸ್ವತಂತ್ರ ಭಾರತದ ಕಾಯ್ದೆ ಬಂತು. ಫಿಸಿಯೋಥೆರಪಿ ಸೇರಿದಂತೆ ಪೂರಕ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಬಂದದ್ದು 2021ರಲ್ಲಿ. ಈ ವೃತ್ತಿಯನ್ನು ನಾವು ಎಷ್ಟು ತಡವಾಗಿ ಗಂಭೀರವಾಗಿ ಪರಿಗಣಿಸಿದೆವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಗಬೇಕಾದ ಕೆಲಸ ದುಬಾರಿಯದೇನಲ್ಲ. ಪುನಶ್ಚೇತನದ ಬಹುಪಾಲು ವ್ಯಾಯಾಮಕ್ಕೆ ಒಂದು ಟವೆಲ್, ಒಂದು ಮೆಟ್ಟಿಲು, ಮರಳು ತುಂಬಿದ ಒಂದು ಚೀಲ ಸಾಕು. ಬೇಕಾದದ್ದು ಅದನ್ನು ಹಂತಹಂತವಾಗಿ ಕಲಿಸಿ, ತಿದ್ದಿ, 'ಇನ್ನೂ ಬೇಡ' ಎಂದು ಹೇಳುವ ಒಬ್ಬ ಮನುಷ್ಯ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಅಂಥ ಒಬ್ಬರು ಇರುವಂತಾಗಬೇಕು. ಶಸ್ತ್ರಚಿಕಿತ್ಸೆಯ ಮುನ್ನವೇ ಒಂಬತ್ತು ತಿಂಗಳ ವೇಳಾಪಟ್ಟಿಯನ್ನು ಕನ್ನಡದಲ್ಲಿ ಬರೆದು ರೋಗಿಯ ಕೈಗೆ ಕೊಡುವುದನ್ನು ಆಸ್ಪತ್ರೆಗಳು ರೂಢಿಸಿಕೊಳ್ಳಬೇಕು. ವಿಮೆಯ ದಿನಮಿತಿ ಗಾಯದ ಸ್ವರೂಪಕ್ಕೆ ತಕ್ಕಂತಿರಬೇಕು. ಶಾಲೆಗಳ ದೈಹಿಕ ಶಿಕ್ಷಕರಿಗೆ ಗಾಯ ತಡೆಯುವ ವ್ಯಾಯಾಮಗಳ ತರಬೇತಿ ಸಿಗಬೇಕು. ನಾರ್ವೆಯಲ್ಲಿ 13ರಿಂದ 17 ವರ್ಷದ 1892 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಭ್ಯಾಸಕ್ಕೆ ಮುನ್ನ ಸುಮಾರು 20 ನಿಮಿಷ ಇಂಥ ವ್ಯಾಯಾಮ ಮಾಡಿದ ತಂಡಗಳಲ್ಲಿ ಗಂಭೀರ ಗಾಯಗಳು ಹೆಚ್ಚೂಕಡಿಮೆ ಅರ್ಧದಷ್ಟು ತಗ್ಗಿದ್ದವು. ನಮ್ಮ ಕಬಡ್ಡಿ, ಕೊಕ್ಕೊ ಮಕ್ಕಳಿಗೂ ಇಂಥ 20 ನಿಮಿಷಗಳನ್ನು ಕೊಡಲು ಖಜಾನೆಯ ಅಪ್ಪಣೆ ಬೇಕೇ?

ನನಗೀಗ ಐವತ್ತು ದಾಟಿದೆ. ವಾರಕ್ಕೆ ಎರಡು ದಿನ ಡಬಲ್ಸ್ ಆಡುತ್ತೇನೆ. ಸ್ಮ್ಯಾಷಿಗೆ ಮೊದಲಿನಷ್ಟು ಜಿಗಿಯುವುದಿಲ್ಲ. ದಿನವೂ ಬೆಳಿಗ್ಗೆ ಪತ್ರಿಕೆ ಬರುವ ಮುನ್ನ ಇಪ್ಪತ್ತು ನಿಮಿಷ ಕಾಲಿನ ಕೆಲಸ ಮುಗಿಸುತ್ತೇನೆ. ತಿಂಗಳಿಗೊಮ್ಮೆ ಆ ಫಿಸಿಯೋಥೆರಪಿಸ್ಟರ ಬಳಿ ಹೋದಾಗ ಗೋಡೆಯ ಕಡತಗಳತ್ತ ಕಣ್ಣು ಹೋಗುತ್ತದೆ. ಪ್ರತಿಯೊಬ್ಬರಿಗೂ ಅಲ್ಲಿ ಒಂದು ಹಾಳೆ. ಮಾಡಿದ ವ್ಯಾಯಾಮಕ್ಕೆ ಎದುರಿಗೆ ವಾರವಾರವೂ ಟಿಕ್ ಗುರುತು. ನನ್ನ ಹಾಳೆ ಎರಡೂ ಮಗ್ಗುಲು ತುಂಬಿದೆ. ಮದ್ದೂರಿನ ಹುಡುಗನ ಹಾಳೆಯನ್ನು ಅವರು ಇನ್ನೂ ತೆಗೆದುಹಾಕಿಲ್ಲ. ಅದರಲ್ಲಿ ಎಂಟು ವಾರಗಳವರೆಗೆ ಮಾತ್ರ ಗುರುತುಗಳಿವೆ. ಒಂಬತ್ತನೇ ವಾರದಿಂದ ಮನೆಗಳೆಲ್ಲ ಖಾಲಿ.